ಪ್ರವಾಹವೇಗದ ಮಾಪನ: ತುಂಗಭದ್ರೆಯಿಂದ ಸಮುದ್ರದವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಮಳೆ ವಿರಳವಾದ ಸೀಮೆಗೆ ಸೇರಿದವು. ಹಡಗಲಿ ಹರಪನಹಳ್ಳಿಗಳ ಎಲ್ಲೆಯಲ್ಲಿ ತುಂಗಭದ್ರೆಯು ಹರಿಯುತ್ತದೆ. ಕೂಡ್ಲಿಗಿ ಕೊಟ್ಟೂರುಗಳಿಗೆ ಬಹುಕಾಲ ಕೆರೆಗಳೇ ಆಧಾರವಾಗಿದ್ದುವು. ಇಂತಹ ನಾಡಿನಲ್ಲಿ ಹೊಳೆಯ ನೀರೆಷ್ಟೆಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. 1944ರ ಮದರಾಸು-ಹೈದರಾಬಾದು ಒಪ್ಪಂದವಾಗಲಿ, 1976ರಲ್ಲಿ ಪ್ರಕಟವಾದ ಕೃಷ್ಣಾ ನ್ಯಾಯಾಧಿಕರಣದ ತೀರ್ಪಾಗಲಿ, ಪಾಲಿನ ನ್ಯಾಯವು ಅಳತೆಯನ್ನೇ ಅವಲಂಬಿಸಿದೆ.

ಹೊಳೆಯ ಅಗಲವನ್ನು ಸರಾಸರಿ ಆಳದಿಂದಲೂ ವೇಗದಿಂದಲೂ ಗುಣಿಸಿದರೆ ಹರಿವಿನ ಪರಿಮಾಣವು ದೊರೆಯುತ್ತದೆ. ಇವುಗಳಲ್ಲಿ ವೇಗವನ್ನು ಅರಿಯುವುದೇ ಕಷ್ಟ. ಅದಕ್ಕೆ ಎರಡು ಮಾರ್ಗಗಳುಂಟು: ಜಲದೊಡನೆ ಚಲಿಸುವುದು, ಜಲದ ನಡುವೆ ನಿಲ್ಲುವುದು.

ಮೊದಲನೆಯದು ತೇಲುವಸ್ತುವಿನ ಮಾರ್ಗ. ಗುರುತಿಸಿದ ದೂರವನ್ನು ಮರದ ತುಂಡೊಂದು ಎಷ್ಟು ಹೊತ್ತಿನಲ್ಲಿ ದಾಟಿತೆಂದು ನೋಡುವುದು. ಆದರೆ ಅದು ತಿಳಿಸುವುದು ಮೇಲ್ಮೈಯ ವೇಗವನ್ನು ಮಾತ್ರ. ತಳದ ಕಲ್ಲುಮರಳುಗಳು ನೀರನ್ನು ತಡೆಯುವುದರಿಂದ ಸರಾಸರಿ ವೇಗವು ಸಾಮಾನ್ಯವಾಗಿ ಅದರ ನೂರಕ್ಕೆ 85ರಷ್ಟಿರುತ್ತದೆ. ದೃಷ್ಟಾಂತಕ್ಕೆ, 300 ಮೀಟರು ಅಗಲವೂ 4 ಮೀಟರು ಆಳವೂ ಉಳ್ಳ ಹೊಳೆಯಲ್ಲಿ ಮರದ ತುಂಡು ಸೆಕೆಂಡಿಗೆ 1 ಮೀಟರು ಸಾಗಿತೆನ್ನೋಣ. ಲೆಕ್ಕಕ್ಕೆ 1200 ಘನಮೀಟರು ಬರುತ್ತದೆ. ನಿಜವಾಗಿ ಹರಿದುದು ಸುಮಾರು 1020. ಈ ಅಂತರವು ಒಂದು ದಿನದಲ್ಲಿ ಅರ್ಧ ಟಿ.ಎಂ.ಸಿ.ಗೂ ಮಿಗುತ್ತದೆ, ಇಲ್ಲದ ನೀರನ್ನು ಹಂಚಿದಂತಾಗುತ್ತದೆ.

ಎರಡನೆಯದು ವೇಗಮಾಪಕಯಂತ್ರದ ಮಾರ್ಗ. ಬಟ್ಟಲುಗಳುಳ್ಳ ಚಕ್ರವನ್ನು ನೀರಿನಲ್ಲಿಳಿಸಿ ಅದರ ಸುತ್ತುಗಳನ್ನು ಎಣಿಸುವರು. ಹೊಳೆಯನ್ನು ಅಡ್ಡಲಾಗಿ ಹಲವು ಭಾಗಗಳಾಗಿಸಿ, ಪ್ರತಿಯೊಂದರಲ್ಲಿಯೂ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ, ಇಲ್ಲವೆ ಎರಡು ಮತ್ತು ಎಂಟು ಪಾಲುಗಳಷ್ಟು ಕೆಳಗೆ ಅಳೆದು ಸರಾಸರಿ ತೆಗೆಯುವರು.

ಸಮುದ್ರದಲ್ಲಿ ದಿಕ್ಕೂ ಅನಿಶ್ಚಿತ. ಕರ್ನಾಟಕದ ಕರಾವಳಿಯ ಪ್ರವಾಹವು ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಸಾಗುತ್ತದೆ. ಆದುದರಿಂದ ಸ್ವೀಡನ್ನಿನ ಎಕ್ಮನ್ನನು 1905ರಲ್ಲಿ ಪ್ರಕಟಿಸಿದ ಯಂತ್ರದಲ್ಲಿ ಚಕ್ರದೊಡನೆ ದಿಕ್ಸೂಚಿಯೂ ಇತ್ತು. ಈಗಿನ ಯಂತ್ರಗಳು ಶಬ್ದವನ್ನು ಕಳುಹಿಸಿ, ನೀರಿನ ಕಣಗಳಿಂದ ಮರಳುವ ಪ್ರತಿಧ್ವನಿಯ ಸ್ವರಭೇದದಿಂದ ಹಲವು ಆಳಗಳ ವೇಗವನ್ನು ಒಮ್ಮೆಗೇ ತಿಳಿಸುತ್ತವೆ. ತೇಲುಯಂತ್ರಗಳ ನೆಲೆಯನ್ನು ಉಪಗ್ರಹಗಳು ಅರುಹುತ್ತವೆ. ಸಾಧನಗಳು ಹೊಸವಾದರೂ ಮಾರ್ಗಗಳು ಆ ಎರಡೇ.

ಹೊಳೆಯಾಗಲಿ ಕಡಲಾಗಲಿ, ಪ್ರವಾಹಕ್ಕೆ ಒಂದೇ ವೇಗವೆಂಬುದಿಲ್ಲ. ಯಾವ ಸ್ಥಳದಲ್ಲಿ, ಯಾವ ಆಳದಲ್ಲಿ, ಯಾವ ಕಾಲದಲ್ಲಿ ಅಳೆದುದೆಂದು ಹೇಳದ ಸಂಖ್ಯೆಯ ಮೇಲೆ ಪಾಲನ್ನು ನಿರ್ಣಯಿಸಲಾಗದು.