ಜೈಮಿನಿ ಭಾರತದ ಪಾತ್ರಗಳು ಮತ್ತು ವಸ್ತುಚರ್ಚೆ

ಜೈಮಿನಿ ಭಾರತವು ಲಕ್ಷ್ಮೀಶ ಕವಿಯು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಕನ್ನಡ ಕಾವ್ಯ. ಇದರಲ್ಲಿ 34 ಸಂಧಿಗಳಿವೆ. ಕುರುಕ್ಷೇತ್ರ ಯುದ್ಧದ ನಂತರ ಯುಧಿಷ್ಠಿರನು ಕೈಗೊಂಡ ಅಶ್ವಮೇಧ ಯಾಗ ಇದರ ವಸ್ತುವಾಗಿರುವುದರಿಂದ ಇದನ್ನು ಭಾರತ ಕಥೆಯ ಮುಂದುವರಿಕೆ ಎನ್ನಬಹುದು. ಲಕ್ಷ್ಮೀಶನ ಊರು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರು ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಗಮಕ, ಬಯಲಾಟ ಹಾಗೂ ತಾಳಮದ್ದಳೆಗಳ ಮೂಲಕ ಈ ಕಥೆಗಳ ಪಾತ್ರಗಳು ಜನರ ನಡುವೆ ಚರ್ಚೆಯ ವಿಷಯವಾಗಿ ಉಳಿದುಬಂದಿವೆ.

ಹಿನ್ನೆಲೆ

ಯುದ್ಧದಲ್ಲಿ ಬಂಧುಗಳನ್ನು ಕೊಂದ ಪಾಪಭೀತಿ ಯುಧಿಷ್ಠಿರನನ್ನು ಕಾಡುತ್ತದೆ. ವ್ಯಾಸರು ಅಶ್ವಮೇಧವನ್ನು ಸೂಚಿಸುತ್ತಾರೆ. ಭೀಮನು ವೃಷಕೇತು ಮತ್ತು ಮೇಘನಾದರೊಡನೆ ಭದ್ರಾವತಿಗೆ ತೆರಳಿ ಯೌವನಾಶ್ವನ ಕುದುರೆಯನ್ನು ತರುತ್ತಾನೆ. ವೃಷಕೇತು ಕರ್ಣನ ಮಗ, ಮೇಘನಾದ ಘಟೋತ್ಕಚನ ಮಗ. ಹಿಂದಿನ ಯುದ್ಧದಲ್ಲಿ ಎದುರುಬದುರಾಗಿ ನಿಂತವರ ಮಕ್ಕಳು ಇಲ್ಲಿ ಒಂದೇ ಕಾರ್ಯಕ್ಕೆ ಹೊರಡುತ್ತಾರೆ. ಮುಂದೆ ಕುದುರೆಯ ಬೆಂಗಾವಲಿಗೆ ಅರ್ಜುನನು ಹೊರಟ ಮೇಲೆ, ಅದನ್ನು ಕಟ್ಟಿಹಾಕಿದ ಒಬ್ಬೊಬ್ಬ ಅರಸನ ಕಥೆಯೂ ಒಂದೊಂದು ಸ್ವತಂತ್ರ ಆಖ್ಯಾನವಾಗಿ ಬೆಳೆಯುತ್ತದೆ.

ಮೂಲಭಾರತದಿಂದ ವ್ಯತ್ಯಾಸ

ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿಯೂ ಅಶ್ವಮೇಧದ ಕಥೆಯಿದೆ. ಆದರೆ ಲಕ್ಷ್ಮೀಶನು ಅನುಸರಿಸಿದ್ದು ಜೈಮಿನಿಯ ಹೆಸರಿನಲ್ಲಿರುವ ಸಂಸ್ಕೃತ ಕೃತಿಯನ್ನು. ಬಭ್ರುವಾಹನನ ಪ್ರಸಂಗದಲ್ಲಿ ಎರಡರ ಅಂತರ ಸ್ಪಷ್ಟವಾಗುತ್ತದೆ. ವ್ಯಾಸಭಾರತದಲ್ಲಿ, ಯುದ್ಧಕ್ಕೆ ನಿಲ್ಲದೆ ವಿನಯದಿಂದ ಎದುರುಗೊಂಡ ಮಗನನ್ನು ಅರ್ಜುನನು ಕ್ಷತ್ರಿಯಧರ್ಮ ಮೀರಿದೆಯೆಂದು ಗದರಿಸುತ್ತಾನೆ. ಉಲೂಪಿಯು ಅವನನ್ನು ಯುದ್ಧಕ್ಕೆ ಪ್ರೇರೇಪಿಸುತ್ತಾಳೆ. ಲಕ್ಷ್ಮೀಶನಲ್ಲಿ ಅರ್ಜುನನು ಕಾಣಿಕೆಯೊಡನೆ ಬಂದ ಮಗನನ್ನು ಒದೆದು, ಅವನ ಹುಟ್ಟನ್ನೇ ಶಂಕಿಸುತ್ತಾನೆ. ಹೀಗೆ ಕಲಹದ ಕಾರಣ ಕ್ಷತ್ರಿಯಧರ್ಮದಿಂದ ತಾಯಿಯ ಮಾನಕ್ಕೆ ಸರಿಯುತ್ತದೆ.

ಪ್ರಮುಖ ಪಾತ್ರಗಳು

ಸುಧನ್ವ: ಚಂಪಕಾಪುರಿಯ ಹಂಸಧ್ವಜನ ಮಗ. ರಣಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂಬುದು ರಾಜಾಜ್ಞೆ. ಪತ್ನಿ ಪ್ರಭಾವತಿಯ ಬೇಡಿಕೆಯನ್ನು ಸಲ್ಲಿಸಿ ತಡವಾದ ಸುಧನ್ವನಿಗೂ ತಂದೆಯು ಅದೇ ಶಿಕ್ಷೆ ವಿಧಿಸುತ್ತಾನೆ. ಹರಿಭಕ್ತನಾದ ಅವನು ಎಣ್ಣೆಯಿಂದ ಪಾರಾಗಿ, ಕೊನೆಗೆ ಅರ್ಜುನನ ಬಾಣಕ್ಕೆ ಬಲಿಯಾಗುತ್ತಾನೆ.

ಜ್ವಾಲೆ: ಮಾಹಿಷ್ಮತಿಯ ನೀಲಧ್ವಜನ ರಾಣಿ. ಪತಿಯು ಅರ್ಜುನನಿಗೆ ಶರಣಾದುದನ್ನು ಸಹಿಸದೆ ಸೇಡಿಗೆ ಹೊರಡುತ್ತಾಳೆ. ಭೀಷ್ಮನ ಮರಣದ ನಿಮಿತ್ತ ಗಂಗೆಯು ಅರ್ಜುನನನ್ನು ಶಪಿಸುವಂತೆ ಮಾಡಿ, ತಾನು ಅಗ್ನಿಪ್ರವೇಶ ಮಾಡಿ ಬಭ್ರುವಾಹನನ ಬತ್ತಳಿಕೆಯಲ್ಲಿ ಬಾಣವಾಗಿ ಸೇರುತ್ತಾಳೆ.

ಬಭ್ರುವಾಹನ: ಅರ್ಜುನ ಮತ್ತು ಚಿತ್ರಾಂಗದೆಯರ ಮಗ, ಮಣಿಪುರದ ಅರಸ. ಅವಮಾನಗೊಂಡು ಯುದ್ಧಕ್ಕೆ ನಿಂತು ವೃಷಕೇತುವನ್ನೂ ತಂದೆಯನ್ನೂ ಕೊಲ್ಲುತ್ತಾನೆ. ನಾಗಲೋಕದ ಸಂಜೀವಕ ಮಣಿ ಹಾಗೂ ಕೃಷ್ಣನ ಅನುಗ್ರಹದಿಂದ ಇಬ್ಬರೂ ಮರಳಿ ಬದುಕುತ್ತಾರೆ.

ಮಯೂರಧ್ವಜ: ತಾಮ್ರಧ್ವಜನ ತಂದೆ. ಬ್ರಾಹ್ಮಣ ವೇಷದ ಕೃಷ್ಣನು ಕೇಳಿದಾಗ ತನ್ನ ಅರ್ಧ ದೇಹವನ್ನೇ ಕೊಡಲು ಒಪ್ಪುತ್ತಾನೆ. ದೇಹವನ್ನು ಸೀಳುವಾಗ ಅವನ ಎಡಗಣ್ಣಿನಲ್ಲಿ ನೀರು ಬರುತ್ತದೆ. ನೋವಿಗಾಗಿ ಅಲ್ಲ, ಬಲಭಾಗಕ್ಕೆ ದೊರೆತ ಸಾರ್ಥಕತೆ ಎಡಭಾಗಕ್ಕೆ ದೊರೆಯಲಿಲ್ಲವೆಂಬ ದುಃಖದಿಂದ.

ಚಂದ್ರಹಾಸ: ಅನಾಥನಾಗಿ ಬೆಳೆದು ಅರಸನಾದವನು. ಅವನಿಗೆ ವಿಷ ಕೊಡುವಂತೆ ಮಂತ್ರಿ ದುಷ್ಟಬುದ್ಧಿ ಬರೆದ ಓಲೆಯನ್ನು, ಆತನ ಮಗಳು ವಿಷಯೆಯು ತನ್ನ ಹೆಸರು ಬರುವಂತೆ ತಿದ್ದುತ್ತಾಳೆ.

ಸೋಲಿನ ವಸ್ತು

ಕೇಳುಗರ ಒಲವು ಅನೇಕ ಆಖ್ಯಾನಗಳಲ್ಲಿ ಅರ್ಜುನನ ಎದುರಾಳಿಗಳ ಕಡೆಗೆ ಹರಿಯುತ್ತದೆ. ಕುರುಕ್ಷೇತ್ರದಲ್ಲಿ ಗೆದ್ದ ವೀರನು ಇಲ್ಲಿ ಮಗನ ಕೈಯಲ್ಲಿ ಮಡಿಯುತ್ತಾನೆ, ಮಯೂರಧ್ವಜನ ತ್ಯಾಗದ ಮುಂದೆ ಕೇವಲ ನೋಡುಗನಾಗುತ್ತಾನೆ. ಕೃಷ್ಣನು ತನ್ನೊಬ್ಬನಿಗೇ ಆಪ್ತನೆಂಬ ಅವನ ಭಾವನೆ, ಎದುರಾಳಿಗಳೂ ಕೃಷ್ಣಭಕ್ತರೇ ಆಗಿರುವಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಈ ದೃಷ್ಟಿಯಿಂದ ಕಾವ್ಯವು ದಿಗ್ವಿಜಯದ ಕಥೆಯಾಗಿರುವಷ್ಟೇ ಗರ್ವಭಂಗದ ಕಥೆಯೂ ಆಗಿದೆ. ಆದರೆ ಭಕ್ತಿಯೊಂದರಿಂದಲೇ ಎಲ್ಲವೂ ಇತ್ಯರ್ಥವಾಗುವುದಿಲ್ಲ. ಜ್ವಾಲೆಯ ಕೋಪದಲ್ಲಿ ಭೀಷ್ಮನ ಸಾವಿನ ಲೆಕ್ಕವೂ ಸೇರಿಕೊಳ್ಳುವುದರಿಂದ, ಯಾಗದಿಂದ ಕಳೆಯಬೇಕಾಗಿದ್ದ ಯುದ್ಧದ ಪಾಪವು ಅರ್ಜುನನನ್ನು ದಾರಿಯಲ್ಲಿಯೇ ಎದುರುಗೊಳ್ಳುತ್ತದೆ.

ರಂಗದಲ್ಲಿ ಪಾತ್ರಚರ್ಚೆ

ಸುಧನ್ವಾರ್ಜುನ, ಬಭ್ರುವಾಹನ ಕಾಳಗ, ತಾಮ್ರಧ್ವಜ ಕಾಳಗ ಮೊದಲಾದವು ಯಕ್ಷಗಾನದ ಪರಿಚಿತ ಪ್ರಸಂಗಗಳು. ಕರಾವಳಿ, ಮಲೆನಾಡು ಮತ್ತು ಕಾಸರಗೋಡು ಪ್ರದೇಶಗಳ ತಾಳಮದ್ದಳೆಯಲ್ಲಿ ವೇಷವಾಗಲಿ ಕುಣಿತವಾಗಲಿ ಇರುವುದಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ, ಸಿದ್ಧಪಾಠವಿಲ್ಲದೆ, ಪಾತ್ರದ ಪರವಾಗಿ ವಾದಿಸುತ್ತಾರೆ. ಮಗನನ್ನು ಕೊಪ್ಪರಿಗೆಗೆ ಹಾಕಿಸಿದ ಹಂಸಧ್ವಜನು ನ್ಯಾಯವಂತನೇ, ಪತ್ನಿಯ ಬೇಡಿಕೆಗೆ ಮಣಿದ ಸುಧನ್ವನು ಕರ್ತವ್ಯ ತಪ್ಪಿದನೇ ಎಂಬಂಥ ಪ್ರಶ್ನೆಗಳಿಗೆ ಕಥೆ ಅವಕಾಶ ಕೊಡುತ್ತದೆ. ಕಥೆಯ ಅಂತ್ಯ ಎಲ್ಲರಿಗೂ ತಿಳಿದಿರುವುದರಿಂದ, ಶ್ರೋತೃಗಳ ಕುತೂಹಲ ಫಲಿತಾಂಶದಲ್ಲಿ ಅಲ್ಲದೆ ಸಮರ್ಥನೆಯಲ್ಲಿ ನೆಲೆಸುತ್ತದೆ.

ತಿಪಟೂರು ತಾಲ್ಲೂಕಿನ ನೊಣವಿನಕೆರೆಯನ್ನೊಳಗೊಂಡ ತುಮಕೂರು ಸೀಮೆಯು ಮೂಡಲಪಾಯ ಯಕ್ಷಗಾನದ ಪ್ರದೇಶ. ಈ ಬಯಲಾಟದಲ್ಲಿ ಪೌರಾಣಿಕ ಪಾತ್ರಗಳು ವೇಷಭೂಷಣ, ಕುಣಿತ, ಪದ ಮತ್ತು ಮಾತುಗಳ ಮೂಲಕ ಜನರ ಮುಂದೆ ಬರುತ್ತವೆ.

ಚಲನಚಿತ್ರಗಳು

ಬಿ. ಎಸ್. ರಂಗಾ ನಿರ್ದೇಶನದ 'ಚಂದ್ರಹಾಸ' 1965ರಲ್ಲಿಯೂ, ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ 'ಬಬ್ರುವಾಹನ' 1977ರಲ್ಲಿಯೂ ತೆರೆಕಂಡವು. ಎರಡನೆಯ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಅರ್ಜುನ ಹಾಗೂ ಬಭ್ರುವಾಹನ ಪಾತ್ರಗಳೆರಡನ್ನೂ ನಿರ್ವಹಿಸಿದರು. ಹೀಗಾಗಿ ತಂದೆ ಮಗನನ್ನು ತನ್ನವನಲ್ಲವೆಂದು ನಿರಾಕರಿಸುವ ಸನ್ನಿವೇಶದಲ್ಲಿ ಒಂದೇ ಮುಖವು ಎರಡೂ ಕಡೆ ಕಾಣಿಸಿಕೊಳ್ಳುತ್ತದೆ.