ಹಳೇ ಸೀಡಿಗೆ ಎಷ್ಟ್ ಕೊಡ್ಕ್?

ಮಳೆಗಾಲ ಮುಗಿದು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಟಿವಿ ಕಪಾಟಿನ ಕೆಳಗಿನ ಖಾನೆಯಿಂದ ಡಿಸ್ಕುಗಳ ಒಂದು ರಾಶಿ ಹೊರಬೀಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆ ರಾಶಿಯಲ್ಲಿ ಎರಡು ಬಗೆ: ಒಂದು ಸಿನಿಮಾ, ಇನ್ನೊಂದು ಆಟ, ಅಂದರೆ ಯಕ್ಷಗಾನ. ವಿಸಿಡಿಯಾಗಲಿ ಡಿವಿಡಿಯಾಗಲಿ, ನಮ್ಮ ಬಾಯಲ್ಲಿ ಎಲ್ಲವೂ ಸೀಡಿಯೇ. ಗುಜರಿಯವರ ತಕ್ಕಡಿಯಲ್ಲೂ ಎಲ್ಲ ಒಂದೇ. ಅವನ್ನು ತಕ್ಕಡಿಗೆ ಹಾಕುವ ಮೊದಲು ಒಮ್ಮೆ ನೋಡಿ ಎನ್ನುವುದಕ್ಕೇ ಈ ಅಧ್ಯಾಯ.

ಸಿನಿಮಾದ ಮಾತು ಬೇಗ ಮುಗಿಯುತ್ತದೆ. 2007ರ ಹೊತ್ತಿಗೆ ಮೋಸರ್ ಬೇಯರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಇಟ್ಟು ಮಾರಲು ಹೊರಟಿತು. ಅಷ್ಟು ಅಗ್ಗಕ್ಕೆ ಮನೆಮನೆ ಸೇರಿದ ಚಿತ್ರಕ್ಕೆ ಇಂದು ಬಿಡಿಯಾಗಿ ಗಿರಾಕಿ ಸಿಗುವುದು ಕಷ್ಟ. ಈಗ ಸಿನಿಮಾ ನೋಡಲು ಡಿಸ್ಕೇ ಬೇಕಿಲ್ಲ: ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲೇ ಚಿತ್ರೀಕರಣವಾದ ‘ಕಾಂತಾರ’ವನ್ನು 2022ರಲ್ಲಿ ನಾವು ಮನೆಯಲ್ಲಿ ಕೂತು ನೋಡಿದ್ದು ಅಮೆಜಾನ್ ಪ್ರೈಮಿನಲ್ಲಿ. ಇನ್ನು ಅಂಚೆಯ ಲೆಕ್ಕ. ಬರೀ ಡಿಸ್ಕ್ ಸುಮಾರು 16 ಗ್ರಾಂ ತೂಗಿದರೆ ಡಬ್ಬಿ ಸೇರಿ 100 ಗ್ರಾಂ ಆಸುಪಾಸು. ಅಂಚೆವೆಚ್ಚಕ್ಕೆ ಗುಳ್ಳೆ ಪ್ಲಾಸ್ಟಿಕ್ಕು, ರಟ್ಟಿನ ಖರ್ಚು ಸೇರಿದರೆ ಡಿಸ್ಕಿನ ಬೆಲೆ ಅಲ್ಲಿಗೇ ಸರಿಹೋಗುತ್ತದೆ. ಹಾಗಾಗಿ ಸಿನಿಮಾಗಳನ್ನು ಕಟ್ಟಾಗಿ ಮಾರಬೇಕು. ರಾಜ್‌ಕುಮಾರ್ ಚಿತ್ರ ಹತ್ತು, ಒಂದೇ ಬೆಲೆ. ಹೀಗೆ ಹಾಕಿದರೆ ಕೊಳ್ಳುವವರಿಗೂ ಅಂಚೆವೆಚ್ಚ ಹೊರೆಯಾಗುವುದಿಲ್ಲ.

ಆಟದ ಡಿಸ್ಕಿನ ಕಥೆಯೇ ಬೇರೆ. ಸಿನಿಮಾದ ಪ್ರತಿ ಯಾವ ಊರಿನಲ್ಲಿ ಕೊಂಡರೂ ಅದೇ. ‘ಭೀಷ್ಮ ವಿಜಯ’ ಪ್ರಸಂಗ ಹಾಗಲ್ಲ. ಪದ್ಯ ಅವೇ ಇದ್ದರೂ ಅರ್ಥ ಹುಟ್ಟುವುದು ರಂಗಸ್ಥಳದಲ್ಲಿ, ಆ ಹೊತ್ತಿಗೆ. ಇಂದಿನ ಭೀಷ್ಮ ಆಡಿದ ಮಾತನ್ನು ನಾಳೆಯ ಭೀಷ್ಮ ಆಡುವುದಿಲ್ಲ. ವೇಷಧಾರಿ ಒಬ್ಬರೇ ಆದರೂ ಆಡುವುದಿಲ್ಲ. ಆದ್ದರಿಂದ ಬೆಲೆ ಪ್ರಸಂಗದ ಹೆಸರಿಗಲ್ಲ, ಆ ರಾತ್ರಿಗೆ. ಯಾರ ಭಾಗವತಿಕೆ, ಚೆಂಡೆ ಮದ್ದಳೆಗೆ ಯಾರು, ಮುಮ್ಮೇಳದಲ್ಲಿ ಯಾರ್ಯಾರು, ಯಾವ ಮೇಳ, ಯಾವ ವರ್ಷ, ಎಲ್ಲಿ ನಡೆದದ್ದು? ಜಾಲತಾಣದಲ್ಲಿ ಮಾರಾಟಕ್ಕೆ ಹಾಕುವಾಗ ಇಷ್ಟನ್ನೂ ಬರೆಯಿರಿ, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ‘ಯಕ್ಷಗಾನ ಡಿವಿಡಿ, ಚೆನ್ನಾಗಿದೆ’ ಎಂದಷ್ಟೇ ಹಾಕಿದರೆ ಹುಡುಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೆಂಗಳೂರು, ಮುಂಬೈಗಳಲ್ಲಿ ಹೋಟೆಲ್ ನಡೆಸುವ ನಮ್ಮೂರ ಯಾರೋ ಒಬ್ಬರು ತಾವು ಚಿಕ್ಕಂದಿನಲ್ಲಿ ಕಂಡ ವೇಷವನ್ನೇ ಹುಡುಕುತ್ತಿರಬಹುದು. ಅವರು ಹುಡುಕುವುದು ಕಲಾವಿದರ ಹೆಸರು ಹಿಡಿದು.

ಹೆಸರು ಬರೆಯುವಾಗ ಪ್ರಾಮಾಣಿಕತೆ ಬೇಕು. ಭಾಗವತ ಗುಂಡ್ಮಿಯ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನ ವಯಸ್ಸಿಗೆ. ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಅದೂ ಜಪಾನಿನಲ್ಲಿ. ಅಂದಮೇಲೆ ನಾವಡರ ಪದ್ಯ ಡಿಸ್ಕಿನಲ್ಲಿದ್ದರೆ ಅದು ಹಳೇ ಟೇಪಿನಿಂದ ಇಳಿಸಿಕೊಂಡದ್ದು. ಚಿತ್ರ ಮಸುಕಾಗಿರಬಹುದು, ಸ್ವರ ಅಲುಗಾಡಬಹುದು. ಇದನ್ನು ಮೊದಲೇ ಹೇಳಿಬಿಡಿ. ಆ ಕಂಠಕ್ಕಾಗಿ ಬಂದವರು ಮಸುಕು ಚಿತ್ರಕ್ಕೆ ಹಿಂದೆ ಸರಿಯುವುದಿಲ್ಲ.

ಕಂತುಗಳನ್ನೂ ಎಣಿಸಿ. ಒಂದು ವಿಸಿಡಿಗೆ ಹಿಡಿಸುವುದು ಸುಮಾರು 74 ನಿಮಿಷ. ಹೀಗಾಗಿ ಒಂದು ಪ್ರಸಂಗ ಎರಡು ಮೂರು ಡಿಸ್ಕಿಗೆ ಹಂಚಿಹೋಗಿರುತ್ತದೆ. ಕೊನೆಯದು ಕಾಣೆಯಾದರೆ ಉಳಿದವುಗಳ ಬೆಲೆಯೂ ಬಿದ್ದಂತೆ.

ಬೆಲೆ ಹೇಳುವ ಮುಂಚೆ ಓಡಿಸಿ ನೋಡಬೇಕು. ಡಿಸ್ಕನ್ನು ಯಂತ್ರ ಓದುವುದು ಒಳಗಿನಿಂದ ಹೊರಕ್ಕೆ, ನಾವು ಹಿಡಿಯುವುದು ಹೊರ ಅಂಚಿನಲ್ಲಿ. ಬೆರಳಿನ ಜಿಡ್ಡು, ಗೀರು ಹೆಚ್ಚಿರುವುದೂ ಅಲ್ಲೇ. ಅದಕ್ಕೇ ಎಷ್ಟೋ ಡಿಸ್ಕ್ ಚೆನ್ನಾಗಿ ಓಡಿ ಕೊನೆಗೆ ನಿಂತುಬಿಡುತ್ತದೆ. ಎರಡು ಪದರದ ಸಿನಿಮಾ ಡಿವಿಡಿಯಲ್ಲಿ ಎರಡನೆಯ ಪದರವನ್ನು ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಓದುವುದರಿಂದ ಅದು ನಿಲ್ಲುವುದು ನಡುವಿನಲ್ಲಿ. ಮೊದಲ ಐದು ನಿಮಿಷ ನೋಡಿ ‘ಓಡುತ್ತದೆ’ ಎಂದು ಬರೆಯಬೇಡಿ.

ಹೆಸರು ಅಚ್ಚಾದ ಬದಿಯನ್ನೂ ಪರೀಕ್ಷಿಸಿ. ಡಿವಿಡಿಯಲ್ಲಿ ಮಾಹಿತಿ ಇರುವುದು 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ. ವಿಸಿಡಿಯಲ್ಲಾದರೆ ಆ ಅಚ್ಚಿನ ಬುಡದಲ್ಲೇ. ಅಲ್ಲಿ ಗೀರು ಬಿದ್ದರೆ ಮತ್ತೆ ಸರಿಪಡಿಸಲು ಬಾರದು. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅಷ್ಟು ಜಾಗದ ಮಾಹಿತಿ ಹೋಯಿತೆಂದೇ ಲೆಕ್ಕ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಹೊದಿಕೆಯ ಕಾಗದಕ್ಕೆ ಬೂಸ್ಟು ಹಿಡಿಯದೆ ಇರದು. ಡಿಸ್ಕನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿಕ್ಕಿದರೆ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬೀಳುತ್ತದೆ.

ಇನ್ನು ಬೆಲೆ. ಜಾಲದಲ್ಲಿ ಯಾರೋ 2000 ರೂಪಾಯಿ ಕೇಳಿದ್ದಾರೆಂದರೆ ಅದು ಕೇಳಿದ ಬೆಲೆ, ಕೈಸೇರಿದ ಬೆಲೆಯಲ್ಲ. ಮಾರಾಟ ಮುಗಿದವುಗಳ ಬೆಲೆ ಹುಡುಕಿ. ಸಿಗದಿದ್ದರೆ ಯಕ್ಷಗಾನದ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಹಾಕಿ, ‘ಹ್ವಾಯ್, ಎಷ್ಟ್ ಕೊಡ್ಕ್?’ ಎಂದು ಎಷ್ಟು ಜನ ಕೇಳುತ್ತಾರೆ ನೋಡಿ. ಒಬ್ಬರೂ ಕೇಳದಿದ್ದರೆ ಇಳಿಸಿ. ಒಂದೇ ಗಂಟೆಯಲ್ಲಿ ಹತ್ತು ಮಂದಿ ಕೇಳಿದರೆ ಅವಸರ ಬೇಡ. ಅದೇ ಆಟ ಯೂಟ್ಯೂಬಿನಲ್ಲಿ ಪೂರ್ತಿ ಇದೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ಬೆಲೆ ಏರದು.

ಮಾರಬೇಕಾದದ್ದು ಅಸಲಿ ಡಿಸ್ಕನ್ನು ಮಾತ್ರ. ತಯಾರಕರ ಹೆಸರು ವಿಳಾಸ ಅದರ ಮೇಲೆ ಇರಬೇಕೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಮು ಹೇಳುತ್ತದೆ. ನಕಲು ಮಾಡಿ ಮಾರಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಕಲಾವಿದರ ಒಂದು ರಾತ್ರಿಯ ದುಡಿಮೆಯನ್ನು ಕದ್ದು ಮಾರುವುದು ಕಾಯ್ದೆ ಇಲ್ಲದಿದ್ದರೂ ತಪ್ಪೇ.

ಹಣದ ವಿಷಯದಲ್ಲಿ ಒಂದು ಎಚ್ಚರ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಲು ಹೇಳುವವರು ಗಿರಾಕಿಯಲ್ಲ. ಹತ್ತಿರದವರಾದರೆ ಅಂಚೆಯೂ ಬೇಡ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಹೆದ್ದಾರಿ 66ರ ಮೇಲೇ ಇವೆ, ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಕೈಗೆ ಕೈ ಕೊಡಬಹುದು. ವಿದೇಶಕ್ಕಾದರೆ ಡಿವಿಡಿಯ ಪ್ರದೇಶ ಸಂಖ್ಯೆ ನೋಡಿ: ಭಾರತದ್ದು 5, ಅಮೆರಿಕದ್ದು 1, ಹೊಂದದಿದ್ದರೆ ಅಲ್ಲಿನ ಯಂತ್ರದಲ್ಲಿ ಓಡದಿರಬಹುದು. ವಿಸಿಡಿಗೆ ಆ ತೊಡಕಿಲ್ಲ.

ಕೆಲವರು ಆಟದ ಹ್ಯಾಂಡ್‌ಬಿಲ್ಲನ್ನು ಮಡಚಿ ಡಬ್ಬಿಯೊಳಗೆ ಇಟ್ಟಿರುತ್ತಾರೆ. ತಾರೀಕು, ಬಯಲು, ಸೇವಾಕರ್ತರು, ವೇಷಧಾರಿಗಳ ಪಟ್ಟಿ ಎಲ್ಲ ಅದರಲ್ಲಿರುತ್ತದೆ. ಅದನ್ನು ಕಸಕ್ಕೆ ಹಾಕದೆ, ಬೇರೆ ಬೆಲೆಯನ್ನೂ ಕಟ್ಟದೆ, ಇದ್ದ ಹಾಗೇ ಡಿಸ್ಕಿನ ಜೊತೆ ಕಳುಹಿಸಿ.