ಆಫ್ರಿಕಾದ ಕಾಡು ದೂರ, ನಮ್ಮ ಕಾಡು ದೂರವೇ?

ಮದುವೆಯಾದ ಮೇಲೆ ನೀವು ಮತ್ತು ನಿಮ್ಮ ಯಜಮಾನರು ಇಬ್ಬರೇ ಎಲ್ಲಿಗಾದರೂ ಹೋಗಿದ್ದೀರಾ? ಆಸ್ಪತ್ರೆಗಲ್ಲ, ನೆಂಟರ ಮದುವೆಗಲ್ಲ, ಸಾವಿನ ಮನೆಗಲ್ಲ. ಬರೀ ಹೋಗಿ ನೋಡಿಕೊಂಡು ಬರುವುದಕ್ಕೆ? ಈ ಪ್ರಶ್ನೆಯನ್ನು ನನಗೆ ಕೇಳಿದವಳು ನನ್ನ ಹೆಂಡತಿ. ನನ್ನ ಬಳಿ ಉತ್ತರವಿರಲಿಲ್ಲ.

ಹಿರಿಯೂರಿನಲ್ಲಿ ಒಂದು ವಲೀಮಾ ಊಟಕ್ಕೆ ಹೋಗಿದ್ದೆವು. ಸಂಬಂಧಿಕರೊಬ್ಬರ ಮಗ ಮತ್ತು ಸೊಸೆ ದಕ್ಷಿಣ ಆಫ್ರಿಕಾ ಪ್ರವಾಸ ಮುಗಿಸಿ ಬಂದಿದ್ದರು. ಮೊಬೈಲಿನಲ್ಲಿದ್ದ ಫೋಟೋಗಳು ಹೆಂಗಸರ ಕೋಣೆಯಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದವು. ತೆರೆದ ಜೀಪಿನ ಪಕ್ಕದಲ್ಲೇ ನಡೆದು ಹೋಗುವ ಸಿಂಹ, ನದಿ ದಾಟುವ ಆನೆ ಹಿಂಡು, ಜಲಪಾತದ ಎದುರು ರೈನ್‌ಕೋಟ್ ಹಾಕಿಕೊಂಡು ನೆನೆದು ನಗುತ್ತಿರುವ ಗಂಡ ಹೆಂಡತಿ. ಯಲ್ಲದಕೆರೆಗೆ ಮರಳುವ ಬಸ್ಸಿನಲ್ಲಿ ನನ್ನವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅಲ್ರೀ, ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು. ನಾವಿಬ್ಬರೇ ಎಲ್ಲಿಗೆ ಹೋಗಿದ್ದೀವಿ, ಹೇಳಿ ನೋಡೋಣ?"

ಶಾಲೆಯಲ್ಲಿ ಮಕ್ಕಳಿಗೆ ಆಫ್ರಿಕಾದ ನಕ್ಷೆ ತೋರಿಸುವ ಮೇಷ್ಟ್ರು ನಾನು. ಮನೆಯಲ್ಲಿ ಒಬ್ಬಳಿಗೆ ಪಕ್ಕದ ಜಿಲ್ಲೆಯನ್ನೂ ತೋರಿಸಿರಲಿಲ್ಲ.

ಅಲ್ಲಿ ಏನಿದೆ?

ಆ ದಂಪತಿ ಹೋದದ್ದು ಎಂಥ ಜಾಗಕ್ಕೆ ಎಂಬುದನ್ನು ಮೊದಲು ತಿಳಿಯೋಣ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪನೆಯಾಯಿತು. ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಚಿತ್ರದುರ್ಗದಂಥ ಎರಡು ಜಿಲ್ಲೆಗಳನ್ನು ಅದರೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ! ಅಲ್ಲಿ ಪ್ರವಾಸಿಗರು ತಮ್ಮದೇ ಕಾರು ಓಡಿಸಿಕೊಂಡು ಹೋಗಬಹುದು. ಆದರೆ ಗುರುತಿಸಿದ ಸ್ಥಳಗಳನ್ನು ಬಿಟ್ಟು ಬೇರೆಲ್ಲೂ ಕೆಳಗೆ ಇಳಿಯುವಂತಿಲ್ಲ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಇವೈದನ್ನೂ ನೋಡಿದವರು ಭಾಗ್ಯವಂತರೆಂದು ಹೇಳಿಕೊಳ್ಳುತ್ತಾರೆ.

ಅದರ ನೆರೆಯ ಬೋಟ್ಸ್‌ವಾನಾ ದೇಶದಲ್ಲಿ ಸುಮಾರು 1,30,000 ಆನೆಗಳಿವೆ. 2023ರ ಗಣತಿಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 6,395. ಭಾರತದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದೇ ಎಂದ ಮೇಲೆ ಅಲ್ಲಿನ ಸಂಖ್ಯೆಯ ಅಗಾಧತೆಯನ್ನು ನೀವೇ ಊಹಿಸಿ. ಇನ್ನು ಜಾಂಬಿಯಾ ಮತ್ತು ಜಿಂಬಾಬ್ವೆಯ ಗಡಿಯಲ್ಲಿ ಜಾಂಬೆಜಿ ನದಿ ಸುಮಾರು 1,700 ಮೀಟರ್ ಅಗಲವಾಗಿ ಹರಡಿ 108 ಮೀಟರ್ ಆಳಕ್ಕೆ ಧುಮುಕುತ್ತದೆ. ಅದೇ ವಿಕ್ಟೋರಿಯಾ ಜಲಪಾತ. ಅಲ್ಲಿನ ಜನ ತಮ್ಮ ಭಾಷೆಯಲ್ಲಿ ಅದನ್ನು 'ಗುಡುಗುವ ಹೊಗೆ' ಎನ್ನುತ್ತಾರೆ. ಅದರ ಕೆಳಗಿನ ಸೇತುವೆಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು ಹಾರುವ ಸಾಹಸಿಗಳೂ ಇದ್ದಾರೆ.

ಹೋಗುವ ಅನುಕೂಲ ಇದ್ದವರು ಖಂಡಿತ ಹೋಗಲಿ. ಅಂಥವರಿಗೆ ಎರಡು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ. ಮಳೆ ಇರುವುದಿಲ್ಲ, ಹುಲ್ಲು ಒಣಗಿ ಪ್ರಾಣಿಗಳು ನೀರಿರುವಲ್ಲಿಗೆ ಬರುತ್ತವೆ. ನೋಡಲು ಅದೇ ಒಳ್ಳೆಯ ಸಮಯ. ಆದರೆ ಬೆಳಗಿನ ಸಫಾರಿಗೆ ಸ್ವೆಟರ್ ಬೇಕೇ ಬೇಕು. ಕ್ರೂಗರ್ ಕಡೆ ಮಲೇರಿಯಾ ಇರುವುದರಿಂದ ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಊಟದ ಚಿಂತೆ ಅಷ್ಟಾಗಿ ಬೇಡ. 1860ರಿಂದ ಭಾರತದ ಕೂಲಿಕಾರರೂ ವ್ಯಾಪಾರಿಗಳೂ ನೆಲೆಸಿದ ನಾಡದು. ಪಟ್ಟಣಗಳಲ್ಲಿ ಹಲಾಲ್ ಊಟ ಸುಲಭವಾಗಿ ಸಿಗುತ್ತದೆ.

ಅಲ್ಲಿಲ್ಲದ್ದು ಇಲ್ಲಿದೆ

ಆದರೆ ಲಕ್ಷಗಳ ಲೆಕ್ಕದ ಪ್ರವಾಸ ನಮ್ಮಂಥವರಿಗೆ ಎಟುಕುವುದೇ? ಹಾಗೆಂದು ಕೈಕಟ್ಟಿ ಕೂರಬೇಕೇ? ನಾನು ಪುಸ್ತಕ ತೆಗೆದು ಹುಡುಕಿದಾಗ ಒಂದು ಸಂಗತಿ ಗಮನಕ್ಕೆ ಬಂತು. ದಕ್ಷಿಣ ಆಫ್ರಿಕಾದ ಅಷ್ಟು ದೊಡ್ಡ ಕಾಡುಗಳಲ್ಲಿ ಹುಲಿಯೂ ಇಲ್ಲ, ಕರಡಿಯೂ ಇಲ್ಲ. ನಮ್ಮ ಊರಿಂದ ಅರ್ಧ ದಿನದ ದಾರಿಯಲ್ಲಿ ಕರಡಿಗಳಿಗೆಂದೇ ಒಂದು ಧಾಮವಿದೆ. ಅದು ಹಂಪಿಯ ಹತ್ತಿರದ ದರೋಜಿ. 1994ರಲ್ಲಿ ಘೋಷಣೆಯಾದ ಈ ಕರಡಿಧಾಮದ ವಿಸ್ತೀರ್ಣ ಸುಮಾರು 83 ಚದರ ಕಿಲೋಮೀಟರ್.

ಜನವರಿಯಲ್ಲಿ ಎರಡು ದಿನ ರಜೆ ಹಾಕಿದೆ. ಮಗಳನ್ನು ಅವಳ ಅಜ್ಜಿಯ ಬಳಿ ಬಿಟ್ಟೆವು. ಅಕ್ಕಪಕ್ಕದವರು ನಕ್ಕರು: "ಈ ವಯಸ್ಸಿನಲ್ಲಿ ಕರಡಿ ನೋಡೋಕೆ ಹೋಗ್ತಾರಂತೆ!" ನನ್ನ ತಾಯಿಯೂ ಏನಾದರೂ ಅನ್ನುವರೆಂದು ಹೆಂಡತಿ ಹೆದರಿದ್ದಳು. ಅಮ್ಮ ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿ ತುಂಬುತ್ತಾ ಹೇಳಿದರು: "ಹೋಗಿ ಬಾರಮ್ಮ. ನಾನಂತೂ ಈ ಊರು ಬಿಟ್ಟು ಏನೂ ನೋಡಲಿಲ್ಲ. ನೀನಾದರೂ ನೋಡು." ಎಪ್ಪತ್ತು ದಾಟಿದ ನನ್ನ ತಾಯಿಗೂ ಅಂಥ ಆಸೆಯೊಂದು ಇತ್ತೆಂದು ನನಗೆ ತಿಳಿದದ್ದು ಆ ದಿನ.

ಹಿರಿಯೂರಿನಿಂದ ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಬಸ್ಸು, ಅಲ್ಲಿಂದ ಬಾಡಿಗೆ ಗಾಡಿ. ದರೋಜಿಯಲ್ಲಿ ಎತ್ತರದ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗುಡ್ಡವನ್ನು ನೋಡಬೇಕು. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದಂಥ ಸಿಹಿ ಹಚ್ಚಿ ಹೋಗಿರುತ್ತಾರೆ. ಮಧ್ಯಾಹ್ನದ ನಂತರ ಕರಡಿಗಳು ಗುಹೆಗಳಿಂದ ಇಳಿದು ಬರುತ್ತವೆ. ಒಂದು ಗಂಟೆ ಏನೂ ಕಾಣಲಿಲ್ಲ, ನವಿಲುಗಳ ಕೂಗು ಮಾತ್ರ. ಆಮೇಲೆ ನನ್ನವಳೇ ಮೊದಲು ಕಂಡು ನನ್ನ ತೋಳು ಹಿಡಿದಳು. ಬಂಡೆಯ ಸಂದಿಯಿಂದ ತಾಯಿ ಕರಡಿ ಇಳಿಯುತ್ತಿತ್ತು. ಬೆನ್ನ ಮೇಲೆ ಎರಡು ಮರಿಗಳು ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊರುವುದು ನಮ್ಮ ಈ ಜಾತಿಯ ಕರಡಿಗಳ ವಿಶೇಷ ರೂಢಿ. "ಇದಕ್ಕೂ ಕೈ ಬಿಡುವಿಲ್ಲ ನೋಡಿ" ಎಂದು ಅವಳು ನಕ್ಕಳು. ಅವಳ ಅಂಥ ನಗುವನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ!

ಮರುದಿನ ಹಂಪಿಯಲ್ಲಿ ತುಂಗಭದ್ರೆಯ ಮೇಲೆ ಹರಿಗೋಲಿನಲ್ಲಿ ಕೂತೆವು. ದುಂಡಗಿನ ಹರಿಗೋಲು ಗಿರ್ರನೆ ತಿರುಗಿದಾಗ ಹೆದರಿ ಕಣ್ಣು ಮುಚ್ಚಿದ್ದು ನಾನು, ಅವಳಲ್ಲ. ನಮ್ಮ ಪಾಲಿಗೆ ಅದೇ ಜಾಂಬೆಜಿ.

ಉಳಿದಿರುವುದನ್ನು ಉಳಿಸೋಣ

ಕಾಡು ನೋಡಿ ಬಂದವರು ಒಂದು ವಿಷಯ ಯೋಚಿಸಬೇಕು. ಕೆನೆತ್ ಆಂಡರ್ಸನ್ ಎಂಬ ಬೇಟೆಗಾರ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಬಗ್ಗೆ ಒಂದು ಅಧ್ಯಾಯವೇ ಇದೆ. ನಮ್ಮ ಪಕ್ಕದ ತಾಲ್ಲೂಕುಗಳವು! ಇಂದು ಆ ಊರುಗಳ ಮಕ್ಕಳು ಹುಲಿ ನೋಡಬೇಕಾದರೆ ಮೃಗಾಲಯಕ್ಕೋ ಬಂಡೀಪುರ, ನಾಗರಹೊಳೆಗೋ ಹೋಗಬೇಕು. ಚೀತಾದ ಕಥೆ ಇನ್ನೂ ದುಃಖದ್ದು. ಬೇಟೆಯಿಂದಲೂ ಬಯಲು ನಾಶದಿಂದಲೂ ಅಳಿದು, 1952ರಲ್ಲಿ ಭಾರತದಲ್ಲಿ ಅದು ಇನ್ನಿಲ್ಲವೆಂದು ಸರಕಾರ ಘೋಷಿಸಿತು. ಎಪ್ಪತ್ತು ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ತರಬೇಕಾಯಿತು. ಮನೆಯಲ್ಲಿದ್ದುದನ್ನು ಕಳೆದುಕೊಂಡು ಪರದೇಶದಿಂದ ಕೇಳಿ ತಂದಂತಾಯಿತು.

ಆದ್ದರಿಂದ ಕಾಡಿಗೆ ಹೋಗುವಾಗ ಅತಿಥಿಗಳಂತೆ ಹೋಗಿ. ಕಣ್ಣು ಕುಕ್ಕುವ ಬಣ್ಣ ಬೇಡ. ನಮ್ಮ ಕಪ್ಪು ಬುರ್ಖಾ ಅಲ್ಲಿ ಯಾವ ಅಡ್ಡಿಯೂ ಅಲ್ಲ. ಅತ್ತರು ಹಚ್ಚಬೇಡಿ, ಕರಡಿಯ ಮೂಗು ಬಹಳ ಚುರುಕು. ಜೋರಾಗಿ ಮಾತಾಡಬೇಡಿ, ಮೊಬೈಲ್ ಸದ್ದಡಗಿಸಿ. ತಿಂಡಿಯ ಪ್ಲಾಸ್ಟಿಕ್ ಚೀಲವನ್ನು ಮನೆಗೇ ವಾಪಸು ತನ್ನಿ. ಒಂದು ಬೈನಾಕ್ಯುಲರ್ ಕೇಳಿ ಪಡೆದರೆ ಆನಂದ ಇಮ್ಮಡಿಯಾಗುತ್ತದೆ.

ದೂರ ಹೋಗಲು ಆಗದವರಿಗೆ ಚಿತ್ರದುರ್ಗದ ಜೋಗಿಮಟ್ಟಿ ಇದೆ. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಇದೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿತ್ತು. ಆದರೆ ಎಷ್ಟು ಮನೆಗಳಲ್ಲಿ ಗಂಡಸರು ಮಾತ್ರ ಬೈಕ್ ಹತ್ತಿ ಹೋದರು! ನಾನೂ ಅವರಲ್ಲೊಬ್ಬ.

ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರವರು ಸಂಗಾತಿಗಳನ್ನು ಮುಂದೆ ಕಳುಹಿಸಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ ಪ್ರಸಂಗವನ್ನು ಮದ್ರಸದಲ್ಲಿ ನಾನು ಓದಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ. ಓದಿದ್ದನ್ನು ಮನೆಗೆ ತರಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಸಹೋದರರೇ, ಈ ಲೇಖನ ನಿಮ್ಮ ಕೈಗೆ ಬಂದರೆ ಇಂದೇ ಮನೆಯಲ್ಲಿ ಕೇಳಿ: "ಎಲ್ಲಿಗೆ ಹೋಗೋಣ?" ಸಹೋದರಿಯರೇ, ಅವರು ಕೇಳದಿದ್ದರೆ ನೀವೇ ಕೇಳಿ. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಈಗ ಒಂದು ಹುಂಡಿ ಬಂದಿದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಅಲ್ಲಿ ಆನೆಗಳ ಹಿಂಡು ಸೇರುತ್ತದಂತೆ. ಇನ್ಶಾ ಅಲ್ಲಾಹ್, ಈ ಸಲ ಅಮ್ಮನನ್ನೂ ಕರೆದೊಯ್ಯಬೇಕೆಂದು ನನ್ನವಳು ಹಟ ಹಿಡಿದಿದ್ದಾಳೆ.